ನಾನು ಹೊಲಿದ ಫಾರಿನ್ ಅಂಗಿಗಳು

ಧಣಿ ಮಹಡಿ ಹತ್ತಿ ಬಂದು, ನಾನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಒಂದು ರಿಬ್ಬನ್ನಿನ ಸುರುಳಿ ಇಟ್ಟರು. ಕಪ್ಪು ಸ್ಯಾಟಿನ್ ಪಟ್ಟಿ. ಅದರ ಮೇಲೆ ಹಳದಿ ನೂಲಿನಲ್ಲಿ ನೇಯ್ದ ಒಂದು ವಿದೇಶಿ ಕಂಪನಿಯ ಹೆಸರು, ಕೆಳಗೆ ಸಣ್ಣ ಅಕ್ಷರಗಳಲ್ಲಿ ಆ ದೇಶದ ಹೆಸರು. ಎರಡು ಇಂಚಿಗೊಂದರಂತೆ ಅದೇ ಹೆಸರು ಸುರುಳಿಯ ಉದ್ದಕ್ಕೂ ಸಾಲಾಗಿತ್ತು. ಜಾಲ್ಸೂರಿನ ಗಡಿಯ ಆಚೆ, ಕೇರಳದಿಂದ ಬಸ್ಸಿನಲ್ಲಿ ಬಂದ ಪಾರ್ಸೆಲ್ಲು ಅಂದರು.

"ಅಂಗಿ ನೀವು ಹೇಗೂ ಚಂದ ಹೊಲಿಯುದು. ಕಾಲರಿನ ಒಳಗೆ ಇದೊಂದು ಹಚ್ಚಿಬಿಡಿ. ಮತ್ತೆ ಎಂತ ಇಲ್ಲ."

"ಇದು ಬೇರೆಯವರ ಹೆಸರಲ್ವಾ ಧಣಿ?"

"ಆ ಕಂಪನಿಯವ ಪುತ್ತೂರಿಗೆ ಬಂದು ಕೇಳ್ತಾನಾ ಮಾರಾಯ್ರೆ? ಜನರಿಗೆ ಫಾರಿನ್ ಬೇಕು. ನಾವು ಕೊಡುದು. ಅಷ್ಟೆ."

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಕಡೆಯಿಂದ ಗಲ್ಫಿಗೆ ಹೋದವರು ರಜೆಯಲ್ಲಿ ಬರತೊಡಗಿದ್ದರು. ಅವರು ತಂದ ಪ್ಯಾಂಟ್ ಪೀಸುಗಳ ಅಂಚಿನಲ್ಲಿ ಚಿನ್ನದ ಬಣ್ಣದ ಅಕ್ಷರಗಳಿರುತ್ತಿದ್ದವು. ಆ ಅಕ್ಷರಗಳು ಕತ್ತರಿಗೆ ಸಿಕ್ಕಬಾರದು, ಕಿಸೆಯ ಒಳಬದಿಯಲ್ಲಾದರೂ ಕಾಣಬೇಕು ಎಂದು ಗಿರಾಕಿಗಳು ನನ್ನೆದುರು ನಿಂತು ಹೇಳಿ ಹೋಗುತ್ತಿದ್ದರು. ಕಪ್ಪು ಕನ್ನಡಕದ ಗಾಜಿಗೆ ಅಂಟಿಸಿದ ಚೀಟಿಯನ್ನು ಕೀಳದೆ ಮದುವೆಗೆ ಹೋಗುವವರೂ ಇದ್ದರು. ಗಲ್ಫಿನಲ್ಲಿ ಯಾರೂ ಇಲ್ಲದವರಿಗೂ ಅದೇ ಆಸೆ ಹುಟ್ಟಿತ್ತು. ಧಣಿ ಕಣ್ಣಿಟ್ಟದ್ದು ಈ ಎರಡನೆಯವರ ಮೇಲೆ.

ಕೆಳಗಿನ ಜವುಳಿ ಅಂಗಡಿಯ ಹಾಗೆ, ನಾನು ಮಿಷನ್ ಇಟ್ಟುಕೊಂಡಿದ್ದ ಮಹಡಿಯ ಕೋಣೆಯೂ ಧಣಿಯದ್ದೇ. ಒಲ್ಲೆ ಎಂದರೆ ಕೋಣೆ ಬಿಡಬೇಕಾದೀತು ಎಂಬ ಹೆದರಿಕೆಯಿಂದ ಒಪ್ಪಿದೆ ಎಂದು ಬಹಳ ವರ್ಷ ಹೇಳಿಕೊಂಡೆ. ಅದು ಅರ್ಧ ನಿಜ. ಹಡಗು ಹತ್ತಿ ಬಂದ ಅಂಗಿಯಂಥದ್ದನ್ನು ನನ್ನ ಕೈಯಿಂದ ಮಾಡಲು ಆಗುತ್ತದೆಯೇ ನೋಡೋಣ ಎಂಬ ಹಠ ಇನ್ನರ್ಧ.

ಮೊದಲ ಹನ್ನೆರಡು ಅಂಗಿಗಳು ಸರಿಬರಲಿಲ್ಲ. ಲೇಬಲ್ಲು ಫಾರಿನ್, ಅಂಗಿ ಪುತ್ತೂರು ಎಂದು ಒಬ್ಬ ಗಿರಾಕಿ ಧಣಿಯ ಮುಖಕ್ಕೇ ಹೇಳಿ ನಕ್ಕು ಹೋದನಂತೆ. ತಪ್ಪು ಎಲ್ಲಿದೆ ಎಂದು ನನಗೆ ಗೊತ್ತಾಗಬೇಕಾದರೆ ಒಂದು ಅಸಲಿ ಅಂಗಿ ನಾಲ್ಕು ದಿನ ಕೈಯಲ್ಲಿರಬೇಕಿತ್ತು.

ಅದು ತಾನಾಗಿಯೇ ಬಂತು. ಕಡಬದ ಕಡೆಯ ಒಬ್ಬರು, ಮೂವತ್ತರ ಆಸುಪಾಸಿನವರು, ರಜೆಯಲ್ಲಿ ಬಂದಿದ್ದರು. ಗಲ್ಫಿನ ಒಂದು ಬಟ್ಟೆ ಅಂಗಡಿಯಲ್ಲಿ ಅಂಗಿ ಮಡಚಿ ಇಡುವ ಕೆಲಸ. ಮಾಲೀಕ ಕೊಟ್ಟ ಒಂದು ಅಂಗಿ ಉದ್ದವಾಗಿತ್ತು. ಎರಡು ಇಂಚು ಗಿಡ್ಡ ಮಾಡಿಸಬೇಕಿತ್ತು. ನಾನು ಕಾಲರ್ ಮಗುಚಿ ನೋಡಿದೆ. ಅದೇ ಕಪ್ಪು ಪಟ್ಟಿ, ಅದೇ ಹಳದಿ ಹೆಸರು.

"ನಾಳೆ ಸಿಕ್ಕೀತಾ ಟೈಲರ್ರೆ?"

"ಕೆಲಸ ತುಂಬ ಉಂಟು. ಬರುವ ವಾರ ಬನ್ನಿ," ಎಂದೆ.

ಅರ್ಧ ಗಂಟೆಯ ಕೆಲಸವದು. ಅವರು ತಲೆಯಲ್ಲಾಡಿಸಿ ಹೋದರು. ಆ ವಾರವಿಡೀ ಅಂಗಿ ನನ್ನ ಮೇಜಿನ ಮೇಲಿತ್ತು. ಕಂದು ಕಾಗದದ ಮೇಲೆ ಹರಡಿ, ಹೊಲಿಗೆಗಳ ಉದ್ದಕ್ಕೂ ಪಿನ್ನು ಚುಚ್ಚಿ, ಭಾಗ ಭಾಗದ ಅಳತೆ ಇಳಿಸಿಕೊಂಡೆ. ಭೂತಗನ್ನಡಿ ಹಿಡಿದು ಹೊಲಿಗೆ ಎಣಿಸಿದೆ: ನನ್ನದು ಇಂಚಿಗೆ ಹನ್ನೆರಡು, ಅದರದ್ದು ಹದಿನೆಂಟು. ಬಗಲಿನ ಜೋಡಿ ಹೊಲಿಗೆಯನ್ನು ಕಂಪನಿಯವರು ಎರಡು ಸೂಜಿಯ ಮಿಷನಿನಲ್ಲಿ ಒಟ್ಟಿಗೇ ಹಾಕಿದ್ದರು. ನನ್ನ ಒಂಟಿ ಸೂಜಿಯಲ್ಲಿ ಎರಡು ಸಲ ಓಡಿಸಬೇಕಿತ್ತು. ಸೂಜಿ ಬದಲಿಸಿ ಸಪೂರದ್ದು ಹಾಕಿದೆ, ನೂಲಿನ ಬಿಗಿ ಸಡಿಲಿಸಿದೆ, ಕೈ ಪಳಗುವವರೆಗೆ ಚಿಂದಿಗಳ ಮೇಲೆ ಹೊಲಿದೆ. ಒಳಗೆ ಏನಿದೆ ಎಂದು ನೋಡಲು ಕಾಲರಿನ ಒಂದು ತುದಿ ಬಿಚ್ಚಿದೆ. ಕಾಲರು ಬಿರುಸಾಗಿ ನಿಲ್ಲಲೆಂದು ನಾವು ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿ ಒಳಗೆ ಇಡುವ ಗಟ್ಟಿ ಬಟ್ಟೆ, ಬಕ್ರಮ್, ಅಲ್ಲಿರಲಿಲ್ಲ. ಶಾಖ ಕೊಟ್ಟರೆ ಬಟ್ಟೆಗೇ ಅಂಟಿಕೊಳ್ಳುವ ಬೇರೊಂದು ವಸ್ತು ಇತ್ತು. ಅದು ನಮಗೆ ಸಿಗುವಂಥದ್ದಲ್ಲ. ಬಕ್ರಮ್ಮನ್ನೇ ತೆಳುವಾದದ್ದು ಆರಿಸಿ ಹೊಂದಿಸಿಕೊಂಡೆ. ಬಿಚ್ಚಿದ್ದನ್ನು ಹಾಗೆಯೇ ಹೊಲಿದೆ.

ಅವರು ಬಂದು ಅಂಗಿ ತೊಟ್ಟು ಕನ್ನಡಿ ನೋಡಿದರು. "ಕೈ ಮುಟ್ಟಿದ್ದೇ ಗೊತ್ತಾಗುದಿಲ್ಲ ಮಾರಾಯ್ರೆ," ಎಂದು ಬೆನ್ನು ತಟ್ಟಿದರು. ಆಗ ನನಗೆ ನಾಚಿಕೆಯಾಗಲಿಲ್ಲ. ಖುಷಿಯಾಗಿತ್ತು.

ಆಮೇಲೆ ನನ್ನ ಅಂಗಿಗಳು ಓಡಿದವು. ಕಾಲರಿನ ಅಡಿಗೆ ರಟ್ಟಿನ ಪಟ್ಟಿ, ತೋಳಿಗೆ ಗುಂಡುಪಿನ್ನು, ಮೇಲೆ ಪ್ಲಾಸ್ಟಿಕ್ ಚೀಲ. ಪುತ್ತೂರಿನ ಬಸ್ ನಿಲ್ದಾಣದಲ್ಲಿ ಹಿಂದಿನಿಂದ ನೋಡಿಯೇ ನನ್ನ ಕೆಲಸವನ್ನು ಗುರುತಿಸುತ್ತಿದ್ದೆ. ಕೊಳ್ಳುವವರಲ್ಲಿ ಹೆಚ್ಚಿನವರು ಮೋಸ ಹೋಗುತ್ತಿರಲಿಲ್ಲ ಎಂಬುದು ನನ್ನ ಸಮಾಧಾನ. "ಅಸಲಿನ ಹಾಗೆ ಉಂಟಾ?" ಎಂದೇ ಕೇಳುತ್ತಿದ್ದರು. ಕೊಡುವವನಿಗೂ ಗೊತ್ತು, ತಗೊಳ್ಳುವವನಿಗೂ ಗೊತ್ತು. ಹಾಗಾದರೆ ನಷ್ಟ ಯಾರಿಗೆ? ಯಾರಿಗೂ ಇಲ್ಲ ಎಂದುಕೊಂಡೆ.

ಒಂದು ವರ್ಷ ದಾಟಿತು. ಹಬ್ಬದ ಮುಂಚೆ ಧಣಿ ಒಮ್ಮೆಗೇ ಅರವತ್ತು ಅಂಗಿ ಕೇಳಿದರು. ಬಕ್ರಮ್ ನೆನೆಸಿ ಒಣಗಿಸಲು ಎರಡು ದಿನ ಬೇಕು ಎಂದೆ. "ಕಾಲರಿನ ಒಳಗೆ ಯಾರು ನೋಡ್ತಾರೆ?" ಎಂದು ಅವರು ಗದರಿದರು. ನೆನೆಸದೆಯೇ ಹಾಕಿದೆ. ಅಂಥ ಬಕ್ರಮ್ ಮೂರು ನಾಲ್ಕು ಒಗೆತಕ್ಕೆ ಕುಗ್ಗುತ್ತದೆ, ಮೇಲಿನ ಬಟ್ಟೆ ಕುಗ್ಗುವುದಿಲ್ಲ. ಕಾಲರ್ ಹಪ್ಪಳದ ಹಾಗೆ ಗುಳ್ಳೆ ಏಳುತ್ತದೆ. ಗೊತ್ತಿದ್ದೂ ಮಾಡಿದ ಕೆಲಸ.

ಮಳೆಗಾಲ ಕಳೆದು ಬಿಸಿಲು ಬಂದಿದ್ದ ದಿನಗಳಲ್ಲಿ ಸುಳ್ಯದ ಹಾಜಿಯವರು ನನ್ನ ಮೆಟ್ಟಿಲು ಹತ್ತಿದರು. ಮರದ ವ್ಯಾಪಾರಿ, ಅರವತ್ತು ದಾಟಿದವರು. ಅವರ ಜುಬ್ಬಗಳನ್ನು ಹತ್ತು ವರ್ಷದಿಂದ ನಾನೇ ಹೊಲಿಯುತ್ತಿದ್ದೆ. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಎರಡು ಅಂಗಿಗಳಿದ್ದವು.

"ಒಂದು ಮಾತು ಕೇಳ್ಲಿಕ್ಕೆ ಬಂದದ್ದು ಟೈಲರ್ರೆ," ಎಂದು ಬೆಂಚಿನಲ್ಲಿ ಕುಳಿತರು.

ವಿಷಯ ಇಷ್ಟು. ಅವರ ಹಿರಿಯ ಅಳಿಯನಿಗೆ, ಎಂದರೆ ಅಕ್ಕನ ಮಗನಿಗೆ, ಕಡಬದ ಕಡೆ ಹುಡುಗಿ ನಿಶ್ಚಯವಾಗಿತ್ತು. ಹುಡುಗಿಯ ಅಣ್ಣ ಗಲ್ಫಿನಿಂದ ಬಂದವನು ಮದುಮಗನಿಗೂ ಅವನ ಇಬ್ಬರು ತಮ್ಮಂದಿರಿಗೂ ಒಂದೊಂದು ಅಂಗಿ ತಂದುಕೊಟ್ಟಿದ್ದ. ಮನೆಯಲ್ಲಿ ಎಲ್ಲರಿಗೂ ಸಂತೋಷ. ಆದರೆ ಮದುಮಗನ ಒಬ್ಬ ತಮ್ಮನ ಹತ್ತಿರ ಅದೇ ಹೆಸರಿನ ಅಂಗಿ ಮೊದಲೇ ಇತ್ತು. ಪುತ್ತೂರಿನಲ್ಲಿ ತಗೊಂಡದ್ದು. ಅದರ ಕಾಲರು ಗುಳ್ಳೆ ಎದ್ದಿತ್ತು. ಅದೊಂದು ಬಿಟ್ಟರೆ, ಎರಡನ್ನೂ ಪಕ್ಕಪಕ್ಕ ಇಟ್ಟಾಗ ಯಾರಿಗೂ ಭೇದ ತಿಳಿಯಲಿಲ್ಲ.

"ಗುಳ್ಳೆ ಎದ್ದದ್ದು ಡೂಪ್ಲಿಕೇಟ್ ಅಂತ ಗೊತ್ತಾಯ್ತು. ಹುಡುಗಿಯ ಅಣ್ಣ ತಂದದ್ದು ಎಂತ? ಇಲ್ಲಿಂದಲೇ ತಗೊಂಡು ಅಲ್ಲಿಂದ ತಂದದ್ದು ಅಂತ ಹೇಳಿದನಾ ಅವ? ಅಂಗಿ ದೊಡ್ಡ ವಿಷಯ ಅಲ್ಲ. ಸಂಬಂಧ ಶುರುವಾಗುವ ಮೊದಲೇ ಸುಳ್ಳು ಹೇಳುವ ಜನವಾ ಅಂತ ನಮಗೆ ಗೊತ್ತಾಗ್ಬೇಕು."

ನನಗೆ ಅಂಗಿ ಬಿಡಿಸುವ ಮೊದಲೇ ಗೊತ್ತಾಗಿತ್ತು. ಕಡಬದವರು ಯಾರೆಂಬುದೂ ಹೊಳೆದಿತ್ತು. ಅಷ್ಟರಲ್ಲಿ ಧಣಿ ಮೇಲೆ ಬಂದರು. ಹಾಜಿಯವರು ಅಂಗಿ ಹಿಡಿದು ಹತ್ತಿದ್ದನ್ನು ಕೆಳಗಿನಿಂದ ಕಂಡಿರಬೇಕು. ಬಾಗಿಲ ಚೌಕಟ್ಟಿಗೆ ಒರಗಿ ನಿಂತರು.

ನಾನು ಅಸಲಿ ಅಂಗಿಯನ್ನು ಕೈಗೆತ್ತಿಕೊಂಡೆ. ಬಗಲಿನ ಜೋಡಿ ಹೊಲಿಗೆ ಕೂದಲೆಳೆಯಷ್ಟೂ ಅತ್ತಿತ್ತ ಆಗದೆ ಓಡಿತ್ತು. ಇನ್ನೊಂದನ್ನು ಎತ್ತಿಕೊಂಡೆ. ನನ್ನದು. ಬಗಲಿನ ತಿರುವಿನಲ್ಲಿ ಎರಡು ಗೆರೆಗಳು ಸ್ವಲ್ಪ ದೂರವಾಗಿದ್ದವು. ಬಾಯಿ ತೆರೆದು ಹೇಳಬೇಕಿತ್ತು, ಅಷ್ಟೆ. ಹೇಳಿದರೆ ಇನ್ನೊಂದನ್ನು ಯಾರು ಹೊಲಿದದ್ದು ಎಂಬ ಪ್ರಶ್ನೆ ಬರುತ್ತಿತ್ತು.

"ನನಗೆ ವ್ಯತ್ಯಾಸ ಕಾಣುದಿಲ್ಲ ಹಾಜಿಯವರೆ," ಎಂದೆ.

"ಸರಿಯಾಗಿ ನೋಡಿ."

"ಎರಡೂ ಒಂದೇ ತರ ಉಂಟು."

ಅವರು ಅಂಗಿಗಳನ್ನು ಮತ್ತೆ ಪೇಪರಿನಲ್ಲಿ ಸುತ್ತಿಕೊಂಡು, "ನೀವು ಹೇಳಿದ ಮೇಲೆ ಮುಗೀತು," ಎಂದು ಎದ್ದರು. ಧಣಿ ಅವರನ್ನು ಮೆಟ್ಟಿಲಿನ ತನಕ ಕಳಿಸಿಕೊಟ್ಟು, ಚಹಾ ತರಿಸಿದರು. ನಾನು ಕುಡಿದೆ.

ಹತ್ತು ದಿನದ ಮೇಲೆ ಕಡಬದವರು ಬಂದರು. ಎರಡು ವರ್ಷದ ಹಿಂದೆ ನಾನು ಗಿಡ್ಡ ಮಾಡಿಕೊಟ್ಟ ಅಂಗಿಯನ್ನೇ ಮಡಚಿ ತಂದಿದ್ದರು. ಕುಳಿತುಕೊಳ್ಳಿ ಎಂದರೂ ಕುಳಿತುಕೊಳ್ಳಲಿಲ್ಲ.

"ಮೂರು ಅಂಗಿಯನ್ನೂ ಅದೇ ಕವರಿನಲ್ಲಿ ಹಾಕಿ ವಾಪಸ್ ಕಳಿಸಿದ್ದಾರೆ. ಸಂಬಂಧ ಬೇಡ ಅಂತೆ. ಪುತ್ತೂರಿನ ಟೈಲರ್ರು ನೋಡಿ ಹೇಳಿದ್ರು ಅಂದ್ರು. ನೀವಾ?"

"ಹೌದು."

"ನಾನು ಆ ಅಂಗಡಿಯಲ್ಲೇ ಕೆಲಸ ಮಾಡುದು. ದಿವಸಕ್ಕೆ ನೂರಾರು ಅಂಗಿ ಮಡಚುದು. ಆ ಮೂರನ್ನು ನಾನೇ ಆರಿಸಿ ತೆಗೆದಿಟ್ಟದ್ದು. ಈ ಅಂಗಿ ನಿಮ್ಮ ಕೈಯಲ್ಲಿ ಒಂದು ವಾರ ಇತ್ತಲ್ವಾ? ನಿಮಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರುದು?"

ಕೆಳಗೆ ಧಣಿಯ ಅಂಗಡಿಯಲ್ಲಿ ಯಾರೋ ಗಜಕೋಲಿನಿಂದ ಬಟ್ಟೆ ಅಳೆಯುತ್ತಿದ್ದ ಸದ್ದು ಕೇಳುತ್ತಿತ್ತು. ನಾನು ತಲೆ ತಗ್ಗಿಸಿಕೊಂಡೇ, "ಅಂಗಿ ಇಟ್ಟು ಹೋಗಿ, ಇನ್ನೊಮ್ಮೆ ನೋಡಿ ಹೇಳ್ತೇನೆ," ಎಂದೆ.

"ಯಾವಾಗ? ನಾಡಿದ್ದು ನಾನು ಬೊಂಬಾಯಿಗೆ ಹೊರಡುದು. ಅಲ್ಲಿಂದ ವಿಮಾನ. ರಜೆ ಮುಗೀತು."

ನಾನು ಮೇಜಿನ ಮೇಲಿನ ಚಿಂದಿಗಳನ್ನು ಒಟ್ಟುಮಾಡತೊಡಗಿದೆ. ಅವರು ಬೈಯಲಿಲ್ಲ. ಅಂಗಿಯನ್ನು ಮೇಜಿನ ಮೇಲೆ ಇಟ್ಟು, "ಉಮ್ಮ ಹೊರಗೆ ಮುಖ ತೋರಿಸುದಿಲ್ಲ ಈಗ," ಎಂದು ತಾಯಿಯ ಸುದ್ದಿಯನ್ನಷ್ಟೇ ಹೇಳಿ ಇಳಿದು ಹೋದರು.

ಅವರ ಹಿಂದೆ ಓಡಿ ಮೆಟ್ಟಿಲಿನಲ್ಲೇ ನಿಲ್ಲಿಸಿ ಹೇಳಿದ್ದರೆ ಅವರು ಹೊರಡುವ ಮೊದಲಿನ ಆ ಒಂದು ದಿನದಲ್ಲಿ ಏನಾದರೂ ಆಗುತ್ತಿತ್ತೋ ಏನೋ. ನಾನು ನಾಲ್ಕು ದಿನ ಸುಮ್ಮನಿದ್ದೆ. ಆ ನಾಲ್ಕು ದಿನಗಳಿಗೆ ನನ್ನ ಹತ್ತಿರ ಇವತ್ತಿಗೂ ಕಾರಣ ಇಲ್ಲ. ಮೇಜಿನ ಮೇಲೆ ಬೇರೆ ಬಟ್ಟೆ ಹರಡಲು ಆ ಅಂಗಿಯನ್ನು ಅತ್ತ ಸರಿಸುತ್ತಿದ್ದೆ, ಮತ್ತೆ ಇತ್ತ ಸರಿಸುತ್ತಿದ್ದೆ. ಐದನೆಯ ದಿನ ಧಣಿ ಮತ್ತೆ ನಲವತ್ತು ಅಂಗಿಯ ಬಟ್ಟೆ ಕಳಿಸಿದರು. ಮೊದಲ ಅಂಗಿಯ ಬೆನ್ನಿನ ಭಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಕತ್ತರಿ ಹಾಕಲು ಆಗಲಿಲ್ಲ. ಬಟ್ಟೆಯನ್ನು ಸುತ್ತಿ ಕೆಳಗೆ ಕೊಂಡುಹೋಗಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಟ್ಟೆ.

"ಎಂತ?" ಎಂದರು ಧಣಿ.

"ಇನ್ನು ನಾನು ಇದನ್ನು ಹೊಲಿಯುದಿಲ್ಲ. ಸುಳ್ಯಕ್ಕೆ ಹೋಗಿ ಹಾಜಿಯವರಿಗೆ ಇದ್ದದ್ದನ್ನು ಹೇಳ್ತೇನೆ."

ಅವರು ಸಿಟ್ಟು ಮಾಡಲಿಲ್ಲ. "ಹೋಗಿ. ಆದರೆ ವಾಪಸ್ ಬಂದು ಮಿಷನ್ ಕೆಳಗಿಳಿಸಿ. ಕೋಣೆ ನನಗೆ ಬೇಕು," ಎಂದರು.

ಸುಳ್ಯದಲ್ಲಿ ಹಾಜಿಯವರ ಚಾವಡಿಯಲ್ಲಿ ಒಂದು ಚಾಪೆ ಹಾಸಿದರು. ಮದುಮಗನಾಗಬೇಕಿದ್ದವರೂ ತಮ್ಮಂದಿರೂ ಬಂದು ಕುಳಿತರು. ಗುಳ್ಳೆ ಎದ್ದ ಅಂಗಿ ಅಲ್ಲೇ ಇತ್ತು. ಕಡಬದವರು ನನ್ನ ಮೇಜಿನ ಮೇಲೆ ಬಿಟ್ಟುಹೋದ ಅಂಗಿಯನ್ನು ಅದರ ಪಕ್ಕದಲ್ಲಿಟ್ಟು, ನಾನು ಬ್ಲೇಡು ಹೊರತೆಗೆದೆ.

ಮೊದಲು ಬಗಲಿನ ಹೊಲಿಗೆ ತೋರಿಸಿದೆ. ಆಮೇಲೆ ಗುಂಡಿ. ಅಸಲಿಯ ಗುಂಡಿಯ ಹಿಂದಿನ ನೂಲಿನ ತುದಿ ಹಿಡಿದು ಎಳೆದರೆ ಪೂರ್ತಿ ಒಂದೇ ಎಳೆಯಾಗಿ ಬಿಚ್ಚಿಕೊಂಡು ಬರುತ್ತದೆ. ಅದು ಮಿಷನಿನ ಕೆಲಸ. ನನ್ನದು ಬರುವುದಿಲ್ಲ, ಹಿಂದೆ ಕೈಗಂಟು ಇದೆ. ಎರಡೂ ಕಾಲರುಗಳನ್ನು ಬಿಚ್ಚಿದೆ. ಒಂದರಲ್ಲಿ ಒಳಪದರ ಬಟ್ಟೆಗೆ ಅಂಟಿಕೊಂಡಿತ್ತು. ಇನ್ನೊಂದರಿಂದ ಮುದುಡಿದ ಬಕ್ರಮ್ ಈಚೆ ಬಂತು. ಕೊನೆಗೆ ಲೇಬಲ್ಲಿನ ಮೂಲೆ ತೋರಿಸಿದೆ. ಹೊಲಿಗೆ ಮುಗಿಸುವಾಗ ಮೂರು ಸಲ ಹಿಂದಕ್ಕೆ ಹೊಲಿಯುವುದು ನನಗೆ ಕೆಲಸ ಕಲಿಸಿದವರು ಹಾಕಿಕೊಟ್ಟ ಅಭ್ಯಾಸ. ಅದು ನನ್ನೆಲ್ಲ ಬಟ್ಟೆಗಳಲ್ಲಿಯೂ ಇರುತ್ತದೆ.

"ನಿಮ್ಮ ಜುಬ್ಬದ ಕಿಸೆ ನೋಡಿ ಹಾಜಿಯವರೆ. ಅಲ್ಲಿಯೂ ಮೂರು ಉಂಟು."

ಹಾಜಿಯವರು ತಮ್ಮ ಕಿಸೆಯ ಅಂಚನ್ನು ಬೆರಳಿನಿಂದ ಸವರಿದರು. "ಹಾಗಾದ್ರೆ ಇದು ನೀವು ಹೊಲಿದದ್ದು."

"ಹೌದು. ಅವರ ಅಂಗಿ ನೋಡಿಯೇ ಕಲಿತದ್ದು. ನೀವು ಅವತ್ತು ತೋರಿಸಿದ ಇನ್ನೊಂದಕ್ಕೂ ಇದೇ ಹೊಲಿಗೆ. ಅವರು ತಂದದ್ದು ಅಸಲಿ."

"ಅವತ್ತು ನಾನು ನಿಮ್ಮನ್ನು ನಂಬಿ ಮೆಟ್ಟಿಲು ಹತ್ತಿದ್ದಲ್ವಾ?"

ಅಷ್ಟರಲ್ಲಿ ಆ ಅಂಗಿ ಕೊಂಡಿದ್ದ ತಮ್ಮ, ಇಪ್ಪತ್ತೈದರ ಪ್ರಾಯದವರು, ನೆಲ ನೋಡಿಕೊಂಡು ಹೇಳಿದರು: "ಮಾಮ, ಡೂಪ್ಲಿಕೇಟ್ ಅಂತ ನನಗೆ ತಗೊಳ್ಳುವಾಗಲೇ ಗೊತ್ತಿತ್ತು. ಇಲ್ಲಿ ಎಲ್ಲರಿಗೆ ಅಸಲಿ ಅಂತ ಹೇಳಿದ್ದೆ. ಕಾಲರು ಹಾಳಾದಾಗ ನಾಚಿಕೆ ಆಯ್ತು. ಅವರು ತಂದದ್ದೂ ಹೀಗೆಯೇ ಇರಬೇಕು ಅಂತ ಬಾಯಿಗೆ ಬಂತು, ಹೇಳಿಬಿಟ್ಟೆ."

ಹಾಜಿಯವರು ಅವರನ್ನು ಹೊಡೆಯುತ್ತಾರೋ ಎಂದು ನನಗನಿಸಿತು. ಹೊಡೆಯಲಿಲ್ಲ. ಕೊಡುವವನಿಗೂ ತಗೊಳ್ಳುವವನಿಗೂ ಗೊತ್ತಿದ್ದರೆ ಯಾರಿಗೂ ನಷ್ಟವಿಲ್ಲ ಎಂದು ನಾನು ಲೆಕ್ಕ ಹಾಕಿದ್ದು ಎಷ್ಟು ಪೊಳ್ಳು ಎಂದು ನನಗೆ ತಿಳಿದದ್ದು ಆ ಚಾಪೆಯ ಮೇಲೆ. ಸುಳ್ಳು ಹೆಸರಿನ ಅಂಗಿ ತೊಟ್ಟವನು ಅದು ಅಸಲಿ ಎಂದು ಹೇಳಲೇಬೇಕು. ಇಲ್ಲದಿದ್ದರೆ ಕೊಂಡದ್ದು ಯಾತಕ್ಕೆ? ಸಿಕ್ಕಿಬಿದ್ದಾಗ ಉಳಿದವರದ್ದೂ ಹೀಗೆಯೇ ಎನ್ನಬೇಕು. ನಾನೂ ಆ ತಮ್ಮನೂ ಸೇರಿ ತೊಟ್ಟುಕೊಂಡ ಸುಳ್ಳಿಗೆ, ನಮ್ಮಿಬ್ಬರಿಗೂ ಏನೂ ಕೆಟ್ಟದ್ದು ಮಾಡದ ಮೂರನೆಯವರು ಸುಳ್ಳುಗಾರ ಎನಿಸಿಕೊಂಡಿದ್ದರು.

ಮರುದಿನ ಹಾಜಿಯವರೊಂದಿಗೆ ನಾನೂ ಕಡಬಕ್ಕೆ ಹೋದೆ. ಬಸ್ಸಿನಲ್ಲಿ ಅವರು ನನ್ನ ಪಕ್ಕದಲ್ಲಿ ಕುಳಿತುಕೊಳ್ಳಲಿಲ್ಲ. ಆ ಮನೆಯ ಜಗಲಿಯಲ್ಲಿ ನಮಗೆ ಕುರ್ಚಿ ಕೊಟ್ಟರು, ಶರಬತ್ತು ಕೊಟ್ಟರು. ತಾಯಿ ಬಾಗಿಲ ಒಳಬದಿಯಲ್ಲಿ ನಿಂತಿದ್ದರು, ಅವರ ಹಿಂದೆ ಮಗಳು. ಹಾಜಿಯವರು ಆ ವಯಸ್ಸಿನಲ್ಲಿ ಎದ್ದು ನಿಂತು ಮಾತಾಡಿದರು. ತಪ್ಪು ತಮ್ಮದು, ಮಾತು ಕೇಳಿ ಮೋಸ ಹೋದೆವು, ಮದುವೆಯ ದಿನ ನೀವೇ ಹೇಳಿ ಎಂದರು. ಆ ತಾಯಿ ಅಳತೊಡಗಿದರು. ಅದು ಸಮಾಧಾನದ ಅಳು ಎಂದು ನಾನು ಅಂದುಕೊಂಡೆ. ಕೆಲಸ ಆಯಿತು ಎಂದು ನನ್ನ ಎದೆಯೂ ಹಗುರಾಯಿತು.

ಆಗ ಮಗಳ ಧ್ವನಿ ಕೇಳಿತು. ಜೋರಾಗಿಯೇನೂ ಅಲ್ಲ.

"ಅಂಗಿ ಅಸಲಿ ಅಂತ ಗೊತ್ತಾದ ಮೇಲೆ ನೀವು ಬಂದದ್ದು. ಅಣ್ಣನ ಮಾತು ಅಸಲಿ ಅಂತ ನಿಮಗೆ ಮೊದಲು ಕಾಣಲಿಲ್ಲ. ನಾಳೆ ನಾನು ಒಂದು ಮಾತು ಹೇಳಿದ್ರೆ ಅದನ್ನು ಯಾವ ಟೈಲರಿಗೆ ತೋರಿಸ್ತೀರಿ?"

"ಮಗಳೇ," ಎಂದರು ತಾಯಿ.

"ಇಲ್ಲ ಉಮ್ಮ. ಆ ಮನೆ ನನಗೆ ಬೇಡ."

ಹಾಜಿಯವರು ನಿಂತೇ ಇದ್ದರು. ಆಮೇಲೆ, "ಅವಳು ಹೇಳುದು ಸರಿ ಉಂಟು," ಎಂದು ಅಂಗಳಕ್ಕೆ ಇಳಿದರು. ನಾನೂ ಎದ್ದೆ. ಕೈಯಲ್ಲಿ ಅವಳ ಅಣ್ಣನ ಅಂಗಿಯಿತ್ತು, ಕಾಲರು ಬಿಚ್ಚಿದ್ದು, ಒಂದು ಗುಂಡಿ ಕಳಚಿದ್ದು.

"ಅದು ಅಣ್ಣನದ್ದಾ?" ಎಂದು ಅವಳು ಕೇಳಿದಳು. "ಇಲ್ಲಿ ಕೊಟ್ಟು ಹೋಗಿ."

"ಹೊಲಿದು ತಂದು ಕೊಡ್ತೇನಮ್ಮ."

"ಬೇಡ. ನಮಗೂ ಸೂಜಿ ಹಿಡೀಲಿಕ್ಕೆ ಬರ್ತದೆ."

ಪುತ್ತೂರಿಗೆ ಮರಳಿ ಮಿಷನ್ ಕೆಳಗಿಳಿಸಿದೆ. ಅದೇ ಊರಿನ ದರ್ಬೆಯಲ್ಲಿ ಒಂದು ಹೆಂಚಿನ ಮಾಡಿನ ಕೋಣೆ ಸಿಕ್ಕಿತು. ಧಣಿಗೆ ತಿಂಗಳೊಳಗೆ ಬೇರೊಬ್ಬ ಹೊಲಿಯುವವ ಸಿಕ್ಕಿದ, ಅಂಗಿಗಳು ನಿಲ್ಲಲಿಲ್ಲ. ನನ್ನಲ್ಲಿಗೂ ಕೆಲವರು ಲೇಬಲ್ಲು ಹಿಡಿದುಕೊಂಡೇ ಬರುತ್ತಿದ್ದರು. ಬೇಡ ಎಂದರೆ, "ನಿಮಗೆ ಎಂತ ತೊಂದರೆ?" ಎಂದು ಕೇಳುತ್ತಿದ್ದರು. ಮೊದಮೊದಲು ಈ ಕಥೆಯನ್ನು ಹೇಳುತ್ತಿದ್ದೆ. ಅವರು ಪೂರ್ತಿ ಕೇಳಿ, ಪಾಪ ಎಂದು, ಲೇಬಲ್ಲು ಕಿಸೆಗೆ ಹಾಕಿಕೊಂಡು ಬೇರೆ ಟೈಲರ್ ಹತ್ತಿರ ಹೋಗುತ್ತಿದ್ದರು. ಆಮೇಲೆ ಹೇಳುವುದನ್ನು ಬಿಟ್ಟೆ.

ಎರಡು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಕಡಬದವರು ಹುಡುಕಿಕೊಂಡು ಬಂದರು. ನಾನು ಎದ್ದು ನಿಂತೆ. ಅವರು ಈ ಸಲ ಬೆಂಚಿನಲ್ಲಿ ಕುಳಿತರು. ತಂಗಿಗೆ ನೆಲ್ಯಾಡಿಯಲ್ಲಿ ಮದುವೆಯಾಯಿತು, ಮಗುವೂ ಆಗಿದೆ, ಸುಖವಾಗಿದ್ದಾಳೆ ಎಂದರು. ನಾನು ಕ್ಷಮೆ ಕೇಳಲು ಬಾಯಿ ತೆರೆದಾಗ ಕೈ ಅಡ್ಡ ಮಾಡಿದರು.

"ನೀವು ಸುಳ್ಯಕ್ಕೆ ಹೋದದ್ದು, ನಮ್ಮ ಮನೆಗೆ ಬಂದದ್ದು ಎಲ್ಲ ತಂಗಿ ಬರೆದಿದ್ದಳು. ಅದು ಬಿಡಿ. ಒಂದು ಅಂಗಿ ಹೊಲಿದು ಕೊಡಿ. ಇಲ್ಲಿಯದ್ದೇ ಬಟ್ಟೆ ಸಾಕು."

ಅಳತೆ ತೆಗೆದೆ. ನಾಲ್ಕು ದಿನ ಬಿಟ್ಟು ಬಂದು ತೊಟ್ಟು ನೋಡಿದರು, ಚಂದ ಉಂಟು ಎಂದರು. ಹಣ ಬೇಡವೆಂದರೂ ಮೇಜಿನ ಮೇಲಿಟ್ಟು, "ಬಿಲ್ಲು ಬರೆದು ಕೊಡಿ," ಎಂದರು.

ನನ್ನಂಥ ಟೈಲರ್ ಹತ್ತಿರ ಒಂದು ಅಂಗಿಗೆ ಯಾರೂ ಬಿಲ್ಲು ಕೇಳುವುದಿಲ್ಲ. ನಾನು ಒಂದು ಹಾಳೆಯಲ್ಲಿ ಬರೆದು, ಕೆಳಗೆ ಹೆಸರು ಹಾಕಿ ಕೊಟ್ಟೆ. ಅವರು ಪೂರ್ತಿ ಓದಿ, ನಾಲ್ಕಾಗಿ ಮಡಚಿ, ಕಿಸೆಯಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದರು. ಅದು ಅಂಥ ಕಾಗದಗಳಿಂದ ಉಬ್ಬಿಕೊಂಡಿತ್ತು. ನಾನು ನೋಡುತ್ತಿರುವುದನ್ನು ಕಂಡು ಸಣ್ಣಗೆ ನಕ್ಕರು.

"ಅಭ್ಯಾಸ ಆಗಿ ಹೋಗಿದೆ ಟೈಲರ್ರೆ. ಭಾವನಿಗೆ ವಾಚು ಕೊಡುವಾಗಲೂ ಬಿಲ್ಲು ಕೊಟ್ಟೆ. ಇದು ಮಗುವಿನ ಆಟದ ಸಾಮಾನಿನದ್ದು. ಇದು ಉಮ್ಮನಿಗೆ ತಂದ ಶಾಲಿನದ್ದು."

"ಉಮ್ಮ ಬಿಲ್ಲು ಕೇಳ್ತಾರಾ?"

"ಅವರು ಕೇಳುದಿಲ್ಲ," ಎಂದರು. "ನಾನೇ ತೋರಿಸುದು."